ನೆಕ್ಕಾರ್ ನದಿಯ ದಡದಲ್ಲಿ ಒಂದು ಭಾನುವಾರ

ಜರ್ಮನಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಕಾರು, ಕಾರ್ಖಾನೆಗಳು ಬರಬಹುದು. ಆದರೆ ಅಲ್ಲಿ ಟ್ಯೂಬಿಂಗೆನ್ ಎಂಬ ಪುಟ್ಟ ಊರೊಂದಿದೆ. ಸ್ಟುಟ್‌ಗಾರ್ಟ್ ನಗರದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಮನೆ, ಕಟ್ಟಡಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ಅದೇ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋಗಿದ್ದಾಗ ಬಿಡುವು ಸಿಕ್ಕ ಒಂದು ಭಾನುವಾರವನ್ನು ಈ ಊರಿನಲ್ಲಿ ಕಳೆದೆ.

ಭಾನುವಾರ ಅಲ್ಲಿ ಅಂಗಡಿಗಳು ಕಾನೂನಿನಂತೆಯೇ ಮುಚ್ಚಿರುತ್ತವೆ. ಬೀದಿಯಲ್ಲಿ ಸೈಕಲ್ಲಿನ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಇಲ್ಲಿನ ವಿಶ್ವವಿದ್ಯಾನಿಲಯ ಆರಂಭವಾದದ್ದು 1477ರಲ್ಲಿ. ನಮ್ಮ ಹಂಪಿಯಲ್ಲಿ ಆಗಿನ್ನೂ ವಿಜಯನಗರದ ಅರಸರು ಆಳುತ್ತಿದ್ದರು! ಸುಮಾರು 90 ಸಾವಿರ ಜನರ ಊರಿನಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿ ವಿದ್ಯಾರ್ಥಿಗಳೇ. 2011ರಿಂದ ಇಲ್ಲಿ ಇಸ್ಲಾಮೀ ಧರ್ಮಶಾಸ್ತ್ರದ ಕಲಿಕೆಯೂ ಇದೆ. ಸೇತುವೆಯ ಬಳಿ ಪುಸ್ತಕ ಹಿಡಿದು ಕುಳಿತಿದ್ದ ಇಬ್ಬರು ಹುಡುಗಿಯರು ನನ್ನ ದುಪಟ್ಟಾ ನೋಡಿ ಸಲಾಮ್ ಹೇಳಿದರು.

ಸೇತುವೆಯ ಮೇಲೆ ನಿಂತರೆ ನೆಕ್ಕಾರ್ ನದಿ, ಅದರ ಅಂಚಿಗೇ ಕಟ್ಟಿದ ಮನೆಗಳ ಸಾಲು. ಅವುಗಳ ನಡುವೆ ಹಳದಿ ಬಣ್ಣದ ದುಂಡನೆಯ ಗೋಪುರವೊಂದು ಕಾಣುತ್ತದೆ. ಹೊಲ್ಡರ್‌ಲಿನ್ ಎಂಬ ದೊಡ್ಡ ಕವಿ ಬುದ್ಧಿಸ್ಥಿಮಿತ ಕಳೆದುಕೊಂಡಾಗ, ಅವನ ಪುಸ್ತಕ ಓದಿ ಮೆಚ್ಚಿದ್ದ ಎರ್ನ್‌ಸ್ಟ್ ಸಿಮ್ಮರ್ ಎಂಬ ಬಡಗಿ 1807ರಲ್ಲಿ ಅವನನ್ನು ತನ್ನ ಮನೆಗೆ ಕರೆತಂದ. ರಕ್ತ ಸಂಬಂಧವಿಲ್ಲ, ನೆಂಟನಲ್ಲ. ಆದರೂ ನದಿಯ ಕಡೆಗೆ ಕಿಟಕಿಯಿರುವ ಕೋಣೆ ಕೊಟ್ಟ. ಬಡಗಿ 1838ರಲ್ಲಿ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ಆರೈಕೆ ಮುಂದುವರಿಸಿದಳು. 1843ರಲ್ಲಿ ಕವಿ ಸಾಯುವವರೆಗೆ, ಒಟ್ಟು 36 ವರ್ಷ! ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡ ನಿಮಗೆ ಈ 36 ವರ್ಷ ಎಂದರೇನೆಂದು ನಾನು ಹೇಳಬೇಕಿಲ್ಲ. ಫಲಕಗಳಲ್ಲಿ ಕವಿಯ ಹೆಸರೇ ದೊಡ್ಡದು. ನನಗೋ ಲೊಟ್ಟೆಯ ಬಗ್ಗೆಯೇ ಹೆಚ್ಚು ತಿಳಿಯಬೇಕೆನಿಸಿತು. ಅಂದ ಹಾಗೆ, ಹಳೆಯ ಗೋಪುರ 1875ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಈಗಿರುವುದು ಆಮೇಲೆ ಕಟ್ಟಿದ್ದು.

ಹಳೆಯ ಪೇಟೆಯ ಮನೆಗಳನ್ನು ನೀವು ಹತ್ತಿರದಿಂದ ನೋಡಬೇಕು. ಮರದ ತೊಲೆಗಳ ಚೌಕಟ್ಟು, ಅವುಗಳ ನಡುವೆ ಕಡ್ಡಿ ಹೆಣೆದು ಹುಲ್ಲು ಕಲಸಿದ ಮಣ್ಣು ಮೆತ್ತಿದ ಗೋಡೆ. ಅಂದರೆ ನಮ್ಮ ಮಣ್ಣಿನ ಮನೆಗಳ ನೆಂಟರೇ. ಪುರಭವನ 1435ರದ್ದು. ಮಹಾಯುದ್ಧದ ಬಾಂಬುಗಳು ಈ ಊರನ್ನು ಹೆಚ್ಚು ಮುಟ್ಟಲಿಲ್ಲವಾದ್ದರಿಂದ ಇವೆಲ್ಲ ಉಳಿದವು. ಆದರೆ ಇವು ವಸ್ತುಸಂಗ್ರಹಾಲಯಗಳಲ್ಲ. ಒಳಗೆ ಗ್ಯಾಸ್ ಒಲೆ, ಬಿಸಿನೀರು, ಕಿಟಕಿಯಲ್ಲಿ ಒಣಗುವ ಬಟ್ಟೆ, ಎಲ್ಲವೂ ಇವೆ.

ಇದನ್ನು ನೋಡುತ್ತಾ ನಿಂತಾಗಲೇ ತಂಬ್ರಹಳ್ಳಿಯಿಂದ ಅಮ್ಮಿಯ ಫೋನು ಬಂತು. ನಮ್ಮದು ಮಾಳಿಗೆ ಮನೆ. ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣು. ಬೇಸಿಗೆಯಲ್ಲಿ ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಬೇಕೆಂದು ಭಾಯಿ ಹಟ ಹಿಡಿದಿದ್ದಾನೆ. ಬೇಡವೆಂದು ನಾನು. ಫೋನಿನಲ್ಲಿ ಈ ಊರಿನ ಮಣ್ಣಿನ ಗೋಡೆಗಳನ್ನು ವರ್ಣಿಸಿದೆ. ಅಮ್ಮಿ ಪೂರ್ತಿ ಕೇಳಿಸಿಕೊಂಡು, “ಚೆಂದ ಇದೆ ಬೇಟಾ. ಆದರೆ ಮಳೆ ಬಂದರೆ ಅಲ್ಲಿ ಸೋರುವ ಕಡೆಗೆಲ್ಲ ಪಾತ್ರೆ ಇಡುವವರು ಯಾರು? ಮಾಳಿಗೆಗೆ ಸವುಳು ಮಣ್ಣು ಹೊರುವವರು ಯಾರು?” ಎಂದರು.

ಅಮ್ಮಿಯ ಪ್ರಶ್ನೆ ನ್ಯಾಯವಾದದ್ದು. ಹಳೆಯ ಮನೆಯ ಚೆಲುವನ್ನು ಹೊಗಳುವವರು ಬಹುಮಟ್ಟಿಗೆ ಅದರ ನೆಲ ಸಾರಿಸದವರೇ. ಟ್ಯೂಬಿಂಗೆನ್‌ನ ಮನೆಗಳಾದರೂ ಉಳಿದದ್ದು ಮೇಲಿನ ಸೂರು ಗಟ್ಟಿಯಿರುವುದರಿಂದ. ಕಡಿದಾದ ಹೆಂಚಿನ ಮಾಡು ಗೋಡೆಗೆ ನೀರು ತಾಗಲು ಬಿಡುವುದಿಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು ನಿಮಗೆ ಗೊತ್ತೇ ಇದೆ. ಅದೇ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದು, 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ ನಿಘಂಟು ಹೊರತಂದರು. ಅದಕ್ಕಾಗಿ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾನಿಲಯ. 1903ರಲ್ಲಿ ಅವರು ಕೊನೆಯುಸಿರೆಳೆದದ್ದೂ ಇದೇ ಊರಿನಲ್ಲಿ. ತೊಲೆ, ಜಂತಿ ಎಂಬ ಪದಗಳಿಗೆ ಅರ್ಥ ಹುಡುಕಿದ ಮನುಷ್ಯ ಈ ಬೀದಿಗಳಲ್ಲಿ ನಡೆದಾಡಿದ್ದರು ಎಂದುಕೊಂಡೇ ನಾನೂ ನಡೆದೆ.

ಸಂಜೆ ಊರಿನ ದಕ್ಷಿಣದ ‘ಫ್ರೆಂಚ್ ಬಡಾವಣೆ’ಗೆ ಹೋದೆ. 1991ರವರೆಗೆ ಅಲ್ಲಿ ಫ್ರೆಂಚ್ ಸೈನಿಕರ ಬಿಡಾರಗಳಿದ್ದವು. ಸೈನ್ಯ ಹೋದ ಮೇಲೆ ಅವುಗಳನ್ನು ಪೂರ್ತಿ ಕೆಡವದೆ, ಕೆಲವನ್ನು ಮನೆಗಳಾಗಿ ಮಾರ್ಪಡಿಸಿದರು. ಹೊಸದನ್ನು ಕಟ್ಟಿದ್ದು ದೊಡ್ಡ ಬಿಲ್ಡರ್‌ಗಳಿಗಿಂತ ಹೆಚ್ಚಾಗಿ ಕುಟುಂಬಗಳೇ. ಹಲವು ಮನೆಯವರು ಗುಂಪಾಗಿ ಸೇರಿ ನಿವೇಶನ ಕೊಂಡು, ವಾಸ್ತುಶಿಲ್ಪಿಯನ್ನು ಗೊತ್ತು ಮಾಡಿ, ತಮಗೆ ಬೇಕಾದಂತೆ ಕಟ್ಟಿಸಿದ್ದಾರೆ. ಕೆಳಗೆ ಅಂಗಡಿ, ಮೇಲೆ ಮನೆ, ಮಧ್ಯದ ಅಂಗಳದಲ್ಲಿ ಎಲ್ಲರ ಮಕ್ಕಳು. ಅಡುಗೆಮನೆಯ ಕಿಟಕಿಯಿಂದಲೇ ಮಕ್ಕಳ ಮೇಲೆ ಕಣ್ಣಿಡಬಹುದು. ನಕ್ಷೆ ಬರೆಯುವಾಗ ಮನೆಯ ಹೆಂಗಸರೂ ಕುಳಿತಿದ್ದರೆಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ.

ಮರಳುವ ರೈಲಿನಲ್ಲಿ ನಮ್ಮ ಮನೆಯ ನಕ್ಷೆ ಬರೆದೆ. ಗೋಡೆಗಳು ಹಾಗೇ ಇರುತ್ತವೆ, ಮೇಲಿನ ಮಣ್ಣು ಇಳಿಯುತ್ತದೆ, ಅದರ ಮೇಲೆ ಇಳಿಜಾರಾಗಿ ಹೆಂಚಿನ ಮಾಡು. ಖರ್ಚಿನ ಲೆಕ್ಕ ಕೇಳಿದ ಭಾಯಿ ಇನ್ನೂ ಒಪ್ಪಿಲ್ಲ. ಅಮ್ಮಿ ಮಾತ್ರ ಎರಡು ಷರತ್ತು ಹಾಕಿದ್ದಾರೆ: ಒಂದು ಹನಿಯೂ ಸೋರಬಾರದು, ಅಡುಗೆಮನೆಯ ಬೆಳಕಿಂಡಿ ಮುಚ್ಚಬಾರದು.