ಮೇಲಿನಿಂದ ನೋಡಿದರೆ ಎಲ್ಲ ಸರಿ: ಝಡ್ ಬೆಲೆಯ ಒಂದು ಪಾಠ

ಈ ಸಲದ ಬೋಧನಾಭ್ಯಾಸದಲ್ಲಿ ನನಗೆ ಸಿಕ್ಕಿದ್ದು ಕೈಗಾರಿಕಾ ತರಬೇತಿ ಸಂಸ್ಥೆಯೊಂದರ ಸಿವಿಲ್ ಡ್ರಾಫ್ಟ್ಸ್‌ಮನ್ ತರಗತಿ. ಘಟಕ, ಆಟೋಕ್ಯಾಡ್‌ನಲ್ಲಿ ಮನೆಯ ನಕ್ಷೆ ತಿದ್ದುವುದು. ನನ್ನ ಕೈಗೆ ಬಂದ ಘಟಕ ಯೋಜನೆಯಲ್ಲಿ ಒಂದು ಸಾಲೂ ಇರದ ವಿಷಯಕ್ಕೆ ನಾನು ಒಂದು ಪೂರ್ತಿ ಪಾಠ ಮೀಸಲಿಟ್ಟೆ: ನಕ್ಷೆಯ ಗೆರೆಗಳಲ್ಲಿ ಗೊತ್ತಿಲ್ಲದೆ ಸೇರಿಕೊಳ್ಳುವ ಎತ್ತರದ ಬೆಲೆ. ಅದಕ್ಕೆ ಕಾರಣವಿದೆ. ಶಿಕ್ಷಕ ತರಬೇತಿಗೆ ಬರುವ ಮೊದಲು ನಾನು ಸರ್ವೆ ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೊಸದಾಗಿ ಸೇರಿದ ಹುಡುಗರು ಇಂಥ ನಕ್ಷೆ ಸಿಕ್ಕಾಗ ಇಡೀ ದಿನ ಕೂತು ಮೊದಲಿನಿಂದ ಬರೆಯುತ್ತಿದ್ದರು. ಸಂಜೆಗೆ ಅವರಿಗೆ ಸಿಗುತ್ತಿದ್ದ ಮಾತು, “ನಿನಗೆ ಕೆಲಸ ಬರೋದಿಲ್ಲ.” ನಿಜವಾಗಿ ಬಾರದೇ ಇದ್ದದ್ದು ಒಂದೇ: ಕಾರಣ ಹುಡುಕುವುದು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ವಿಷಯ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕಾಗದದ ಮೇಲಿನ ನಕ್ಷೆಗೆ ಉದ್ದ, ಅಗಲ ಎರಡೇ. ಕಂಪ್ಯೂಟರು ಮಾತ್ರ ಪ್ರತಿ ಬಿಂದುವಿಗೂ ಎಕ್ಸ್, ವೈ ಜೊತೆಗೆ ಝಡ್ ಎಂಬ ಮೂರನೆಯ ನಿರ್ದೇಶಾಂಕವನ್ನು ಇಟ್ಟುಕೊಂಡಿರುತ್ತದೆ. ಮನೆಯ ನಕ್ಷೆಯಲ್ಲಿ ಅದು ಎಲ್ಲ ಕಡೆಯೂ 0 ಇರಬೇಕು. ಆದರೆ ನಾವು ಪರದೆಯ ಮೇಲೆ ನಕ್ಷೆಯನ್ನು ನೆತ್ತಿಯ ಮೇಲಿನಿಂದ ನೋಡುತ್ತೇವೆ. ಝಡ್ 0 ಇದ್ದರೂ ಒಂದೇ, 900 ಇದ್ದರೂ ಒಂದೇ. ಕೂಡಿದಂತೆ ಕಾಣುವ ಎರಡು ಗೋಡೆಗಳಿಗೆ ಫಿಲೆಟ್ ಕೊಟ್ಟರೆ ಆಗುವುದಿಲ್ಲ. ಜಾಯಿನ್ ಮಾಡಿದರೆ ಗೆರೆಗಳು ಕೂಡುವುದಿಲ್ಲ. ಸುತ್ತಲೂ ಮುಚ್ಚಿದ ಕೋಣೆಯೊಳಗೆ ಎಷ್ಟೋ ಸಲ ಹ್ಯಾಚ್ ತುಂಬುವುದಿಲ್ಲ.

ಈ ಬೆಲೆ ಬರುವುದಾದರೂ ಎಲ್ಲಿಂದ? ಟೋಟಲ್ ಸ್ಟೇಷನ್ನಿನಿಂದ ಬಂದ ಸರ್ವೆ ಬಿಂದುಗಳಿಗೆ ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ ಅಂಟಿಕೊಂಡೇ ಇರುವುದುಂಟು. ಬೆಂಗಳೂರಿನ ಸುತ್ತ ಅದು ಸುಮಾರು 900 ಮೀಟರ್. ಆ ಬಿಂದುಗಳ ಮೇಲೆ ಕಾಂಪೌಂಡಿನ ಗೆರೆ ಎಳೆಯುವಾಗ ಸ್ನ್ಯಾಪ್ ಬಿಂದುವಿನ ಎತ್ತರವನ್ನೂ ಹಿಡಿದುಕೊಳ್ಳುತ್ತದೆ. ಗೆರೆಯ ಒಂದು ತುದಿ 900ರಲ್ಲಿ, ಇನ್ನೊಂದು 0ಯಲ್ಲಿ ನಿಂತರೆ, ನಕ್ಷೆಯಲ್ಲಿ 40 ಮೀಟರ್ ಕಾಣುವ ಗೆರೆಯ ಉದ್ದವನ್ನು ಪ್ರಾಪರ್ಟೀಸ್ 900.89 ಮೀಟರ್ ಎಂದು ತೋರಿಸುತ್ತದೆ. ಇದು ಯಾರ ಕಣ್ಣಿಗಾದರೂ ಬೀಳುತ್ತದೆ. ವ್ಯತ್ಯಾಸ 3 ಮೀಟರ್ ಮಾತ್ರ ಇದ್ದರೆ ಉದ್ದ 40.11 ಎಂದು ಬರುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ, ಎಸ್ಟಿಮೇಟಿಗೆ ಹಾಗೆಯೇ ಹೋಗುತ್ತದೆ.

ಪಾಠ ಯೋಜನೆಯ ಚರ್ಚೆಯಲ್ಲಿ ಸಹಪಾಠಿಗಳು ಹೇಳಿದ್ದು, “ಫ್ಲಾಟನ್ ಅಂತ ಒಂದು ಕಮಾಂಡ್ ಇದೆಯಲ್ಲ. ಮೊದಲ ಐದು ನಿಮಿಷದಲ್ಲಿ ಅದನ್ನೇ ಹೇಳಿಕೊಟ್ಟು ಉಳಿದ ಹೊತ್ತು ಅಭ್ಯಾಸ ಮಾಡಿಸು.” ನಲವತ್ತೈದು ನಿಮಿಷದ ಅವಧಿಯಲ್ಲಿ ಇದು ತೆಗೆದುಹಾಕುವ ಸಲಹೆಯಲ್ಲ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಯಾವ ಜ್ವರ ಎಂದು ನೋಡದೆ ಮಾತ್ರೆ ಕೊಟ್ಟ ಹಾಗಾಗುತ್ತದೆ ಎಂದೆ. ನಮ್ಮ ಮಾರ್ಗದರ್ಶಕರು ಎಲ್ಲ ಕೇಳಿ, “ಸರಿಯಮ್ಮ, ಮಕ್ಕಳು ಕಾರಣ ಹಿಡಿದಿದ್ದಾರೆ ಅಂತ ಹೇಗೆ ಗೊತ್ತು ಮಾಡಿಕೊಳ್ತೀಯ?” ಎಂದರು. ಆ ಪ್ರಶ್ನೆಯಿಂದಾಗಿ ಮೌಲ್ಯಮಾಪನದ ಭಾಗವನ್ನು ಮೊದಲು ಬರೆದು, ಬೋಧನೆಯ ಹಂತಗಳನ್ನು ಆಮೇಲೆ ಬರೆದೆ.

ತರಗತಿಯಲ್ಲಿ ಮೊದಲು ಬಳಸಿದ್ದು ಎರಡು ಮರದ ಸ್ಕೇಲು. ಒಂದರ ಮೇಲೊಂದು ಅಡ್ಡಲಾಗಿ, ನಡುವೆ ಒಂದು ಗೇಣು ಬಿಟ್ಟು ಹಿಡಿದೆ. ನಿಂತು ಮೇಲಿನಿಂದ ನೋಡಿದವರು “ಸೇರಿದೆ” ಎಂದರು. ಕೂತವರು “ಇಲ್ಲ ಮೇಡಂ, ಸೇರಿಲ್ಲ” ಎಂದರು. ಯಾರು ಸರಿ ಎಂಬ ಜಗಳವನ್ನು ನಾನು ತೀರಿಸದೆ, ತಯಾರಿಸಿ ತಂದಿದ್ದ ಫೈಲು ತೆರೆಸಿದೆ. ಒಂದು ಕೋಣೆ, 4000 ಮಿಲಿಮೀಟರ್ ಉದ್ದದ ಗೋಡೆ. ಅದರ ಒಂದು ತುದಿಯನ್ನು 3000 ಎತ್ತರದಲ್ಲಿದ್ದ ಸರ್ವೆ ಬಿಂದುವಿಗೆ ಕೂಡಿಸಿದ್ದೆ.

ಫಿಲೆಟ್ ಆಗಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಗೆರೆಯನ್ನು ಅಳಿಸಿ ಮತ್ತೆ ಎಳೆದ. ಸ್ನ್ಯಾಪ್ ಅದೇ ಬಿಂದುವನ್ನು ಹಿಡಿಯಿತು. ಮೂರನೆಯ ಸಲ ಅಳಿಸುವಾಗ, “ನನ್ನ ಕೈಯೇ ಸರಿ ಇಲ್ಲ ಮೇಡಂ” ಎಂದ. ಕಚೇರಿಯಲ್ಲಿ ಕೇಳಿದ ಮಾತನ್ನು ಈ ಹುಡುಗ ಯಾರೂ ಅನ್ನುವ ಮೊದಲೇ ತನಗೆ ತಾನೇ ಅಂದುಕೊಂಡಿದ್ದ. ಉತ್ತರ ಹೇಳದೆ, ಆ ಗೆರೆಯನ್ನು ಡಿಸ್ಟೆನ್ಸ್ ಕಮಾಂಡಿನಿಂದ ಅಳೆಯಲು ಹೇಳಿದೆ.

“5000 ಬಂತು ಮೇಡಂ.”

“ಡೈಮೆನ್ಷನ್ ಎಷ್ಟಿದೆ?”

“4000.”

ಅವನ ಪಕ್ಕದ ಹುಡುಗಿ ತಟ್ಟನೆ, “ಮೂರು, ನಾಲ್ಕು, ಐದು! ಪೈಥಾಗೊರಸ್ ಅಲ್ವಾ ಮೇಡಂ?” ಎಂದಳು. ಅದೇ ಉತ್ತರದ ಕೊನೆಯಲ್ಲಿ ಡೆಲ್ಟಾ ಝಡ್ 3000 ಎಂದು ಬರೆದಿದ್ದುದನ್ನು ಹುಡುಗನೇ ಓದಿ ಹೇಳಿದ. ಫ್ರಂಟ್ ವ್ಯೂಗೆ ತಿರುಗಿಸಿದಾಗ ಗೋಡೆಯ ಗೆರೆ ಮಾಡಿನ ಹಾಗೆ ಓರೆಯಾಗಿ ನಿಂತಿತ್ತು. ಸ್ಕೇಲಿನ ಜಗಳವೂ ಅಲ್ಲಿಗೆ ಮುಗಿಯಿತು.

ಪರಿಹಾರಗಳನ್ನು ಆಮೇಲೆ, ಚಿಕ್ಕದರಿಂದ ದೊಡ್ಡದಕ್ಕೆ ಹೇಳಿಕೊಟ್ಟೆ. ಒಂದೇ ಗೆರೆಯಾದರೆ ಪ್ರಾಪರ್ಟೀಸ್‌ನಲ್ಲಿ ಎರಡೂ ತುದಿಯ ಝಡ್ 0 ಮಾಡುವುದು; ಪಾಲಿಲೈನ್ ಆದರೆ ಎಲಿವೇಷನ್ ತಿದ್ದುವುದು. ಗೆರೆಗಳು ಬಹಳವಿದ್ದರೆ ಕ್ವಿಕ್ ಸೆಲೆಕ್ಟ್‌ನಲ್ಲಿ ಝಡ್ 0ಗೆ ಸಮವಲ್ಲದವನ್ನು ಆರಿಸುವುದು. ಕೊನೆಗೆ ಫ್ಲಾಟನ್, ಅದರಿಂದ ಕೆಲವು ವಸ್ತುಗಳ ಬಗೆಯೇ ಬದಲಾಗಬಹುದಾದ್ದರಿಂದ ಪ್ರತಿಯ ಮೇಲೆಯೇ ಮಾಡಬೇಕು. ಇನ್ನೊಂದು ಹಳೆಯ ಉಪಾಯವೂ ಇದೆ: ಎಲ್ಲವನ್ನೂ ಝಡ್ ದಿಕ್ಕಿನಲ್ಲಿ 1ರ ಮುಂದೆ 99 ಸೊನ್ನೆಯಷ್ಟು ದೂರ ಸರಿಸಿ, ಅಷ್ಟೇ ದೂರ ಹಿಂದಕ್ಕೆ ತರುವುದು. ಕಂಪ್ಯೂಟರು ಒಂದು ಸಂಖ್ಯೆಯ ಸುಮಾರು 15–16 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತದೆ. ಅಷ್ಟು ದೊಡ್ಡ ಸಂಖ್ಯೆಗೆ 3000 ಕೂಡಿಸಿದರೆ ಆ 3000 ಉಳಿಯುವುದೇ ಇಲ್ಲ. ವಾಪಸು ಬಂದಾಗ ಸಿಗುವುದು 0. ಇದು ಮಕ್ಕಳಿಗೆ ಬಹಳ ಹಿಡಿಸಿತು. ಮುಂದೆ ಹೀಗಾಗದಂತೆ ಓಸ್ನ್ಯಾಪ್‌ಝಡ್ ಅನ್ನು 1ಕ್ಕೆ ಇಟ್ಟರೆ, ಸ್ನ್ಯಾಪ್ ಬಿಂದುವಿನ ಎತ್ತರವನ್ನು ಬಿಟ್ಟು ಚಾಲ್ತಿಯಲ್ಲಿರುವ ಎಲಿವೇಷನ್ ತೆಗೆದುಕೊಳ್ಳುತ್ತದೆ. ಆ ಎಲಿವೇಷನ್ 0 ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಮೌಲ್ಯಮಾಪನಕ್ಕೆ ಎರಡು ಫೈಲು ಕೊಟ್ಟೆ: ಒಂದು ಮನೆಯ ನಕ್ಷೆ, ಇನ್ನೊಂದು ಜಮೀನಿನ ಕಾಂಟೂರ್ ನಕ್ಷೆ. ಎರಡರಲ್ಲೂ ಝಡ್ ಬೆಲೆಗಳಿದ್ದವು. ಪ್ರಶ್ನೆ ಒಂದೇ: “ಯಾವುದನ್ನು ಚಪ್ಪಟೆ ಮಾಡುತ್ತೀರಿ? ಏಕೆ?” ಹೆಚ್ಚಿನವರು ಮನೆಯ ನಕ್ಷೆಯನ್ನು ಮಾತ್ರ ಎಂದು ಬರೆದರು. ಕೆಲವರು ಎರಡನ್ನೂ ಎಂದರು. ಕಾಂಟೂರ್ ಗೆರೆಯಲ್ಲಿ ಎತ್ತರವೇ ಮಾಹಿತಿ. ಅದನ್ನು 0 ಮಾಡಿ ಸೇವ್ ಮಾಡಿದರೆ ಎಷ್ಟು ಮಣ್ಣು ಅಗೆಯಬೇಕು, ಚರಂಡಿ ಯಾವ ಕಡೆ ಇಳಿಯಬೇಕು ಎಂಬ ಲೆಕ್ಕವನ್ನು ಆ ಫೈಲಿನಿಂದ ಹಾಕಲಾಗುವುದಿಲ್ಲ. ಮೂಲ ಪ್ರತಿ ಇಲ್ಲದಿದ್ದರೆ ಮತ್ತೆ ಸರ್ವೆಗೇ ಹೋಗಬೇಕು. ಕಮಾಂಡ್ ಮಾತ್ರ ಕಲಿತ ವಿದ್ಯಾರ್ಥಿ ಎರಡೂ ಫೈಲಿಗೆ ಅದನ್ನೇ ಒತ್ತುತ್ತಾನೆ, ಎರಡೂ ಸಲ ಕಂಪ್ಯೂಟರು ತಕರಾರಿಲ್ಲದೆ ಮಾಡಿಕೊಡುತ್ತದೆ. ಇದಕ್ಕಾಗಿಯೇ ಈ ಪಾಠದಲ್ಲಿ ಪರಿಹಾರಕ್ಕಿಂತ ಮೊದಲು ಕಾರಣ ಬರಬೇಕು ಎಂದು ನಾನು ಹಟ ಹಿಡಿದದ್ದು. ನಾವು ಕಲಿಸುವ ಬೇರೆ ವೃತ್ತಿಗಳಲ್ಲೂ ಇಂಥ ಜೋಡಿ ಉದಾಹರಣೆಗಳು ಸಿಗುತ್ತವೆ. ಒಂದೇ ಲಕ್ಷಣ, ಒಂದು ಕಡೆ ದೋಷ, ಇನ್ನೊಂದು ಕಡೆ ಅಲ್ಲ. ಮೌಲ್ಯಮಾಪನಕ್ಕೆ ಅವು ಬಹಳ ಒಳ್ಳೆಯವು.

ಎರಡನ್ನೂ ಎಂದು ಬರೆದವರೊಂದಿಗೆ ಮರುದಿನ ಕಾಂಟೂರ್ ಫೈಲನ್ನು ಪಕ್ಕದಿಂದ ನೋಡುವ ಕೆಲಸ ಮಾಡಿದೆ. ಒಂದು ಸಂಗತಿ ಇನ್ನೂ ಬಾಕಿ ಇದೆ. ಬಾಗಿಲು, ಕಿಟಕಿಗಳ ಬ್ಲಾಕಿನ ಒಳಗೆ ಅಡಗಿರುವ ಝಡ್ ಬೆಲೆ ಕ್ವಿಕ್ ಸೆಲೆಕ್ಟಿಗೆ ಸಿಗುವುದಿಲ್ಲ, ಬ್ಲಾಕ್ ಎಡಿಟರ್ ತೆರೆದೇ ನೋಡಬೇಕು. ಮುಂದಿನ ಪಾಠಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. ಬಾಗಿಲಿನ ಬ್ಲಾಕ್ ತಯಾರಿಸಿ ತರುವ ಕೆಲಸವನ್ನು ಆ ಹಿಂದಿನ ಸಾಲಿನ ಹುಡುಗನಿಗೆ ವಹಿಸಿದ್ದೇನೆ.