ಅಪ್ಪನ ಜೇಬಿನ ಮಾತ್ರೆ

ಹೋದ ಬೇಸಿಗೆಯಲ್ಲಿ ಅಪ್ಪ ಕೊಟ್ಟಿಗೆ ಮುಂದೆ ದೊಪ್ಪನೆ ಬಿದ್ದರು. ಎದೆನೋವಿನಿಂದಲ್ಲ, ಎದೆನೋವಿನ ಮಾತ್ರೆಯಿಂದ! ಹುಲ್ಲಿನ ಹೊರೆ ಇಳಿಸಿದಾಗ ಎದೆ ಹಿಡಿದಂತಾಯಿತು, ನಿಂತಲ್ಲೇ ಸಾರ್ಬಿಟ್ರೇಟ್ ನಾಲಿಗೆ ಕೆಳಗಿಟ್ಟರು. ಈ ಮಾತ್ರೆ ರಕ್ತನಾಳ ಸಡಿಲಿಸುತ್ತದೆ, ಬಿಪಿ ಇಳಿಯುತ್ತದೆ, ನಿಂತವರಿಗೆ ತಲೆ ಸುತ್ತುತ್ತದೆ. ಕೂತು ಇಟ್ಟುಕೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆಮೇಲೆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋದಾಗ ಇನ್ನೊಂದು ತಪ್ಪು ಸಿಕ್ಕಿತು. ನೋವು ಬರದಂತೆ ದಿನಾ ನುಂಗುವ ನೈಟ್ರೇಟ್ ಮಾತ್ರೆ ಅಪ್ಪನಿಗೆ ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 3ಕ್ಕೆ ಅಂತಿತ್ತು (ಒಬ್ಬೊಬ್ಬರ ಚೀಟಿ ಬೇರೆ ಬೇರೆ). ಮಧ್ಯಾಹ್ನ ಹೊಲದಲ್ಲಿರುತ್ತಾರೆಂದು ಅವ್ವ ಅದನ್ನು ರಾತ್ರಿ 8ಕ್ಕೆ ಕೊಡುತ್ತಿದ್ದಳು. ಹನ್ನೆರಡು ಗಂಟೆಗೊಂದು, ಲೆಕ್ಕವೇನೋ ಸರಿ ಅನ್ನಿಸುತ್ತದೆ. ಆದರೆ ಹಗಲೂ ರಾತ್ರಿ ಮೈಯಲ್ಲಿ ನೈಟ್ರೇಟ್ ಇದ್ದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಮಾತ್ರೆ ಹಿಡಿಯುವುದೇ ಇಲ್ಲ. ರಾತ್ರಿ ಬಿಡುವು ಸಿಗಲೆಂದೇ ಆ 3 ಗಂಟೆ.

ಡಾಕ್ಟರ್ ಅಪ್ಪನನ್ನು ಒಬ್ಬರನ್ನೇ ಕರೆದು 'ಶಕ್ತಿ ಮಾತ್ರೆ' ಏನಾದರೂ ತಗೋತೀರಾ ಎಂದೂ ಕೇಳಿದರಂತೆ. ಅಪ್ಪ ನಾಚಿ ನಕ್ಕರಂತೆ. ನಗುವ ವಿಷಯವಲ್ಲ. ವಯಾಗ್ರದಂಥ ಮಾತ್ರೆ ಇದರ ಜೊತೆ ಸೇರಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು.

ಈಗ ಅಪ್ಪ ಕಟ್ಟೆ ಮೇಲೆ ಕೂತೇ ಮಾತ್ರೆ ಇಟ್ಟುಕೊಳ್ಳುತ್ತಾರೆ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡುವುದು ತಂಗಿಯ ಕೆಲಸ. ತಲೆನೋವು ಬರುತ್ತದೆ ಅಂತ ಗೊಣಗುತ್ತಾರೆ. ಆದರೂ ಡಾಕ್ಟರನ್ನು ಕೇಳದೆ ದಿನದ ಮಾತ್ರೆ ನಿಲ್ಲಿಸುವಂತಿಲ್ಲ. 3 ಗಂಟೆಯದು ಬುತ್ತಿ ಜೊತೆಗೇ ಹೊಲಕ್ಕೆ ಹೋಗುತ್ತದೆ.