ಹಿಟ್ಟಿನ ಕೋಳಿಯೂ ಗಣಕದ ಮಿತ್ರನೂ

ಹುಕ್ಕೇರಿಯ ಶ್ರಾವಕ ಮನೆತನವೊಂದರ ತರುಣನು ದಶಲಕ್ಷಣ ಪರ್ವದಲ್ಲಿ ಏಕಾಶನವನ್ನು ತಪ್ಪದೆ ಆಚರಿಸುತ್ತಿದ್ದನು, ಗೆಡ್ಡೆ-ಗೆಣಸುಗಳನ್ನು ಮುಟ್ಟುತ್ತಿರಲಿಲ್ಲ. ರಾತ್ರಿ ಮಾತ್ರ ಗಣಕಯಂತ್ರದ ಮುಂದೆ ಕುಳಿತು, 1993ರಲ್ಲಿ ಹೊರಬಂದ ‘ಮಾಸ್ಟರ್ ಆಫ್ ಓರಿಯನ್’ ಎಂಬ ಆಟದಲ್ಲಿ ನಕ್ಷತ್ರಲೋಕಗಳನ್ನು ಆಳುತ್ತಿದ್ದನು. ಅಲ್ಲಿ ಎದುರಾಳಿ ಅರಸರೆಲ್ಲ ಯಂತ್ರವೇ. ಆದರೂ ಒಬ್ಬೊಬ್ಬನಿಗೂ ಒಂದೊಂದು ಸ್ವಭಾವ: ಒಬ್ಬ ಶಾಂತಿಪ್ರಿಯ, ಒಬ್ಬ ನಿರ್ದಯಿ, ಒಬ್ಬ ಮಾತಿಗೆ ನಿಲ್ಲುವವ. ವ್ಯಾಪಾರದ ಒಡಂಬಡಿಕೆ, ಅನಾಕ್ರಮಣ ಒಪ್ಪಂದ, ಮೈತ್ರಿ ಎಲ್ಲವೂ ಉಂಟು. ಮಹಾಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ದೊರೆತರೆ ಯುದ್ಧವಿಲ್ಲದೆಯೂ ಚಕ್ರಾಧಿಪತ್ಯ.

ಒಂದು ರಾತ್ರಿ ಮಿತ್ರನ ಗಡಿಯು ಕಾವಲಿಲ್ಲದೆ ಬರಿದಾಗಿತ್ತು. ಎರಗಿದರೆ ಗೆಲುವು ನಿಶ್ಚಿತ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೇಳಿದರು: “ಅಂವ ನಿನ್ನ ಗೆಳ್ಯಾನೋ, ವೈರಿನೋ?”

“ಗೆಳ್ಯಾನ. ಆದರ ಅಂವಗ ಜೀವ ಇಲ್ಲಜ್ಜಿ, ಬರೇ ಲೆಕ್ಕ.”

“ಯಶೋಧರನ ಕೋಳಿಗೆ ಎಲ್ಲಿತ್ತೋ ತಮ್ಮಾ ಜೀವ?”

ಜನ್ನನು 1209ರಲ್ಲಿ ರಚಿಸಿದ ಕಾವ್ಯದಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಚದುರಂಗದ ಕಾಯಿ ಹೊಡೆದವನಿಗೂ ಇದೇ ದೋಷವೆಂದರೆ ಅತಿಯಾದೀತು. ಅಲ್ಲಿ ಯಾರೂ ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಇಲ್ಲಿ ಇವನು ಕೊಟ್ಟಿದ್ದನು.

ತರುಣನು ಒಪ್ಪಂದವನ್ನು ಮುರಿಯಲಿಲ್ಲ. ಮೂರನೆಯ ರಾತ್ರಿ ಅದೇ ಮಿತ್ರನು ಅವನ ಮೇಲೆ ದಂಡೆತ್ತಿ ಬಂದನು.